ಊಟದ ಮೇಜಿನ ಮೇಲೆ ಬೆಳೆದ ನಿಘಂಟು

ಕೇಳುಗರೇ, ನಮಸ್ಕಾರ. ಸ್ಪ್ಯಾನಿಷ್ ಕಲಿಯುತ್ತಿರುವ ಮಕ್ಕಳು ಯಾರಾದರೂ ರೇಡಿಯೋ ಹಾಕಿಕೊಂಡಿದ್ದರೆ, ಈ ಮಾತು ಮೊದಲು ನಿಮಗೆ. ಪದದ ಅರ್ಥ ಗೊತ್ತಾದರೆ ಸಾಲದು, ಬಳಕೆ ಗೊತ್ತಾಗಬೇಕು. ತರಗತಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ! 'ಸೊನ್ಯಾರ್' ಅಂದರೆ ಕನಸು ಕಾಣುವುದು. ಸರಿ, ಅರ್ಥವಾಯಿತು. ಆದರೆ 'ಅಮ್ಮ ಕನಸಿನಲ್ಲಿ ಬಂದಿದ್ದಳು' ಅನ್ನುವುದಕ್ಕೆ ಅವರು 'ಅಮ್ಮನ ಜೊತೆ ಕನಸು ಕಂಡೆ' ಅನ್ನುತ್ತಾರೆ. ಆ 'ಜೊತೆ'ಯನ್ನು ಯಾರು ಹೇಳಿಕೊಡಬೇಕು?

ಹೇಳಿಕೊಟ್ಟವರು ನಿಘಂಟು ಬರೆದ ಮರಿಯಾ ಮೊಲಿನೆರ್. 1900ರಲ್ಲಿ ಸ್ಪೇನಿನ ಪನೀಸಾ ಎಂಬ ಊರಿನಲ್ಲಿ ಹುಟ್ಟಿದವರು. ಓದಿದ್ದು ಇತಿಹಾಸ, ಹಿಡಿದದ್ದು ಗ್ರಂಥಪಾಲಕಿಯ ಕೆಲಸ. ವಲೆನ್ಸಿಯಾದಲ್ಲಿದ್ದಾಗ ಹಳ್ಳಿಗಳಿಗೆ ಪುಸ್ತಕ ಮುಟ್ಟಿಸಲು ದುಡಿದರು. ಅಂತರ್ಯುದ್ಧ ಮುಗಿದು ಜನರಲ್ ಫ್ರಾಂಕೋ ಗೆದ್ದು ಸರ್ವಾಧಿಕಾರಿಯಾದ ಮೇಲೆ, ಅದೇ ತಪ್ಪಾಯಿತು ಎಂಬಂತೆ, ಸೇವಾ ಪಟ್ಟಿಯಲ್ಲಿ ಅವರನ್ನು 18 ಸ್ಥಾನ ಕೆಳಗಿಳಿಸಿದರು. ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗಂಡನ ಹುದ್ದೆಯೂ ಹೋಯಿತು.

ಇನ್ನು ನನಗೆ ಬಲು ಪ್ರಿಯವಾದ ಕಥೆ. 1952ರ ಸುಮಾರಿಗೆ ಮಗನೊಬ್ಬ ಪ್ಯಾರಿಸಿನಿಂದ ಒಂದು ಪುಸ್ತಕ ತಂದುಕೊಟ್ಟ. ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು. ತಿರುವಿ ನೋಡಿದ ತಾಯಿಗೆ ಸ್ಪ್ಯಾನಿಷ್‌ಗೂ ಇಂಥದ್ದೊಂದು ಬೇಕು ಅನ್ನಿಸಿತು. ವಯಸ್ಸು ಐವತ್ತು ದಾಟಿತ್ತು. ಎರಡು ವರ್ಷ ಸಾಕು ಅಂದುಕೊಂಡರು. ಹಿಡಿದದ್ದು ಸುಮಾರು 15 ವರ್ಷ! ಕಚೇರಿಯಿಲ್ಲ, ಸಹಾಯಕರ ಪಡೆಯಿಲ್ಲ. ಮ್ಯಾಡ್ರಿಡ್‌ನ ಮನೆಯಲ್ಲಿ ಊಟದ ಮೇಜಿನ ಮೇಲೆ ಪದಗಳನ್ನು ಬರೆದ ಚೀಟಿಗಳು. ನಸುಕಿನಲ್ಲೇ ಎದ್ದು ಬರೆಯುವುದು, ಎಂಜಿನಿಯರಿಂಗ್ ಕಾಲೇಜಿನ ಗ್ರಂಥಾಲಯಕ್ಕೆ ಕೆಲಸಕ್ಕೆ ಹೋಗುವುದು, ಬಂದು ಮತ್ತೆ ಚೀಟಿಗಳ ಮುಂದೆ ಕೂರುವುದು. ಊಟದ ಹೊತ್ತಿಗೆ ಮೇಜು ಖಾಲಿ ಮಾಡಬೇಕು, ಉಂಡ ಮೇಲೆ ಮತ್ತೆ ಹರಡಬೇಕು. 'ನಿನಗೆ ಒಡಹುಟ್ಟಿದವರು ಎಷ್ಟು ಮಂದಿ?' ಎಂದು ಯಾರೋ ಕೇಳಿದ್ದಕ್ಕೆ ಒಬ್ಬ ಮಗ 'ಇಬ್ಬರು ಗಂಡು, ಒಬ್ಬಳು ಹೆಣ್ಣು, ಜೊತೆಗೆ ನಿಘಂಟು' ಅಂದನಂತೆ. ನೋಡಿ, ಮನೆಯಲ್ಲಿ ಅದಕ್ಕೂ ಒಂದು ಪಾಲಿತ್ತು.

ನಿಘಂಟು 1966–67ರಲ್ಲಿ ಎರಡು ಸಂಪುಟವಾಗಿ ಹೊರಬಂತು. ಹೆಸರಿನಲ್ಲೇ ನನ್ನ ಮಾತಿದೆ: ಸ್ಪ್ಯಾನಿಷ್ 'ಬಳಕೆಯ' ನಿಘಂಟು. ಯಾವ ಕ್ರಿಯಾಪದಕ್ಕೆ 'ಜೊತೆ'ಯಂಥ ಯಾವ ಸಂಬಂಧಸೂಚಕ ಪದ ಜೋಡಿ, ಯಾವ ಪದಕ್ಕೆ ಯಾವುದು ನೆಂಟ, ಎಲ್ಲವೂ ಅಲ್ಲಿದೆ. ಬರೀ ಅರ್ಥವಲ್ಲ, ಬಳಕೆ!

ಸಮಯ ಆಗಿಯೇ ಬಿಟ್ಟಿತು, ಬೇಗ ಹೇಳುತ್ತೇನೆ. 1972ರಲ್ಲಿ, ಸ್ಪ್ಯಾನಿಷ್ ಭಾಷೆಯ ಅಧಿಕೃತ ಸಂಸ್ಥೆಯಾದ ಸ್ಪ್ಯಾನಿಷ್ ರಾಜ ಅಕಾಡೆಮಿಯ ಸದಸ್ಯತ್ವಕ್ಕೆ ಅವರ ಹೆಸರು ಬಂತು. ಆರಿಸಿದ್ದು ಎಮಿಲಿಯೋ ಅಲಾರ್ಕೋಸ್ ಅವರನ್ನು. ದೊಡ್ಡ ವಿದ್ವಾಂಸರು, ಒಪ್ಪುತ್ತೇನೆ. ಆದರೂ ನನಗೆ ಇವತ್ತಿಗೂ ಬೇಸರವಿದೆ. ಅಕಾಡೆಮಿ ಮೊದಲ ಬಾರಿಗೆ ಮಹಿಳೆಯೊಬ್ಬರನ್ನು ಪೂರ್ಣ ಸದಸ್ಯರಾಗಿ ಆರಿಸಿದ್ದು 1978ರಲ್ಲಿ, ಕವಯಿತ್ರಿ ಕಾರ್ಮೆನ್ ಕೊಂಡೆ ಅವರನ್ನು. ಮೊಲಿನೆರ್ 1981ರಲ್ಲಿ ತೀರಿಕೊಂಡರು. ಸ್ಪ್ಯಾನಿಷ್ ಮಾತಾಡುವವರು ಆ ಪುಸ್ತಕವನ್ನು ಈಗಲೂ 'ಮರಿಯಾ ಮೊಲಿನೆರ್' ಎಂದೇ ಕರೆಯುತ್ತಾರೆ. ನಮಸ್ಕಾರ.