ಪರದೆ ಹಿಂದೆ ಇನ್ನೆರಡು ಕೈ ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಸಮುದಾಯ ರಂಗತಂಡಗಳ ಬಗ್ಗೆ ಮಾತಾಡೋಣ ಅಂತಿದೀನಿ. ಅಂದ್ರೆ ಹಗಲೆಲ್ಲ ತಮ್ಮ ತಮ್ಮ ಕೆಲಸ ಮುಗಿಸಿ ಸಂಜೆ ಆದ್ಮೇಲೆ ತಾಲೀಮಿಗೆ ಬಂದು ಸೇರೋ ಜನ ಕಟ್ಟಿಕೊಂಡಿರೋ ತಂಡಗಳು, ಲಾಭಕ್ಕೆ ಅಂತ ಅಲ್ಲ, ನಾಟಕದ ಮೇಲಿನ ಪ್ರೀತಿಗೆ ನಡೀತಿರೋವು. ಇಂಥವರ ನಾಟಕ ನೋಡಿ ಖುಷಿಪಟ್ಟು ಚಪ್ಪಾಳೆ ತಟ್ಟೋರು ತುಂಬ ಜನ ಇದಾರೆ, ಅವರಲ್ಲಿ ಎಷ್ಟೋ ಜನಕ್ಕೆ ಈ ತಂಡಕ್ಕೆ ಏನಾದ್ರೂ ಮಾಡ್ಬೇಕು ಅನ್ನೋ ಮನಸ್ಸೂ ಇರತ್ತೆ, ಆದ್ರೆ ನಂಗೆ ಆ್ಯಕ್ಟಿಂಗ್ ಬರಲ್ಲ, ಕೈಯಲ್ಲಿ ದೊಡ್ಡ ದುಡ್ಡೂ ಇಲ್ಲ, ನಾನೇನು ಮಾಡೋಕಾಗತ್ತೆ ಅಂತ ಸುಮ್ಮನಾಗ್ಬಿಡ್ತಾರೆ. ನಾನು ಇವತ್ತು ಮಾತಾಡ್ತಿರೋದು ಅವರ ಹತ್ರ.

ದುಡ್ಡಿನ ವಿಷಯದಿಂದಲೇ ಶುರು ಮಾಡ್ತೀನಿ. ಶೋ ಹೌಸ್‌ಫುಲ್ ಆಯ್ತಲ್ಲ, ಟಿಕೆಟ್ ದುಡ್ಡು ಬಂತಲ್ಲ, ಇನ್ಯಾಕೆ ದೇಣಿಗೆ ಅಂತ ಕೆಲವರು ಕೇಳ್ತಾರೆ. ನಾಟಕ ನಡೆಯೋದು ಎರಡು ಗಂಟೆ, ಆದ್ರೆ ಅದರ ಹಿಂದೆ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ತಾಲೀಮು ಇರತ್ತೆ, ಅಷ್ಟು ದಿನಕ್ಕೂ ಒಂದು ಜಾಗ ಬೇಕು, ಆ ಜಾಗಕ್ಕೆ ಬಾಡಿಗೆ, ಕರೆಂಟು. ನಾಟಕ ಬರೆದವರಿಗೆ ಗೌರವಧನ ಕೊಡ್ಬೇಕು. ಆಮೇಲೆ ರಂಗಮಂದಿರದ ಬಾಡಿಗೆ, ಲೈಟು, ಸೌಂಡು, ಸೆಟ್ಟಿಗೆ ಮರ ಬಟ್ಟೆ ಬಣ್ಣ, ಸಾಮಾನು ಸಾಗಿಸೋ ಗಾಡಿ, ಮೇಕಪ್ಪು, ಪೋಸ್ಟರು. ಹಾಲ್‌ನಲ್ಲಿ ಎಷ್ಟು ಸೀಟಿದೆಯೋ ಅಷ್ಟೇ ಟಿಕೆಟ್ ಮಾರೋಕಾಗೋದು, ಅದರ ಮೇಲೆ ಒಂದೂ ಇಲ್ಲ. ರೇಟ್ ಏರಿಸೋಣ ಅಂದ್ರೆ ಯಾರಿಗೋಸ್ಕರ ನಾಟಕ ಆಡ್ತಿದಾರೋ ಆ ಜನಾನೇ ಹೊರಗೆ ಉಳಿದುಬಿಡ್ತಾರೆ.

ಇದು ಯಾವುದೋ ಒಂದು ತಂಡದವರಿಗೆ ಲೆಕ್ಕ ಗೊತ್ತಿಲ್ಲ ಅನ್ನೋ ಸಮಸ್ಯೆ ಅಲ್ಲ. ವಿಲಿಯಂ ಬಾಮಲ್, ವಿಲಿಯಂ ಬೋವೆನ್ ಅಂತ ಇಬ್ಬರು ಅಮೆರಿಕದ ಅರ್ಥಶಾಸ್ತ್ರಜ್ಞರು 1966ರಲ್ಲೇ ಇದನ್ನ ಬಿಡಿಸಿ ಹೇಳಿದ್ರು. ಫ್ಯಾಕ್ಟರಿಯಲ್ಲಿ ಹೊಸ ಮೆಷಿನ್ ಬಂದ್ರೆ ಅದೇ ಕೆಲಸ ಕಮ್ಮಿ ಜನರಿಂದ ಕಮ್ಮಿ ಹೊತ್ತಲ್ಲಿ ಆಗತ್ತೆ, ಆದ್ರೆ ಐದು ಪಾತ್ರದ ನಾಟಕಕ್ಕೆ ನೂರು ವರ್ಷದ ಹಿಂದೆಯೂ ಐದು ಜನವೇ ಬೇಕಿತ್ತು, ಇವತ್ತೂ ಐದು ಜನವೇ ಬೇಕು, ಅಷ್ಟೇ ಹೊತ್ತು ಬೇಕು, ಸುತ್ತಲಿನ ಖರ್ಚು ಮಾತ್ರ ಏರ್ತಾನೇ ಹೋಗತ್ತೆ. ಹಾಗಾಗಿ ರಂಗಭೂಮಿಗೆ ಟಿಕೆಟ್ ಆಚೆಗಿನ ಆಸರೆ ಬೇಕೇ ಬೇಕು. ಹಳೇ ಕಾಲದಲ್ಲೂ ಹೀಗೇ ಇತ್ತು. ಪುರಾತನ ಅಥೆನ್ಸ್‌ನಲ್ಲಿ ನಾಟಕದಲ್ಲಿ ಹಾಡಿ ಕುಣಿಯೋ ಮೇಳದ ತಾಲೀಮು, ವೇಷಭೂಷಣದ ಖರ್ಚನ್ನ ಊರಿನ ಸ್ಥಿತಿವಂತರು ಹೊರಬೇಕಿತ್ತು. ಕ್ರಿಸ್ತಪೂರ್ವ 472ರಲ್ಲಿ ನಾಟಕಕಾರ ಈಸ್ಕಿಲಸ್‌ನ ಒಂದು ನಾಟಕಕ್ಕೆ ಹಾಗೆ ಖರ್ಚು ಹಾಕಿದವನು ಪೆರಿಕ್ಲಿಸ್, ಮುಂದೆ ಅಥೆನ್ಸ್‌ನ ಬಹು ದೊಡ್ಡ ನಾಯಕ ಆದನಲ್ಲ, ಅವನೇ.

ಹಾಗಂತ ಪೆರಿಕ್ಲಿಸ್‌ನಷ್ಟು ಕೊಡ್ಬೇಕು ಅಂತೇನೂ ಇಲ್ಲ. ನನ್ನ ಕೇಳಿದ್ರೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಮರೆತುಬಿಡೋದಕ್ಕಿಂತ ತಿಂಗಳು ತಿಂಗಳು ಸಣ್ಣ ಮೊತ್ತ, ಕೈಗೆ ಭಾರ ಆಗದಷ್ಟು, ತಪ್ಪದೆ ಕೊಡೋದು ತಂಡಕ್ಕೆ ಹೆಚ್ಚು ಬಲ. ಯಾಕಂದ್ರೆ ಬಾಡಿಗೆ ಬರೋದು ತಿಂಗಳು ತಿಂಗಳು, ನಾಟಕ ಇರಲಿ ಬಿಡಲಿ. ಇನ್ನೊಂದು, ದೇಣಿಗೆ ಕೊಡುವಾಗ ನಮಗೆಲ್ಲ ಕಣ್ಣಿಗೆ ಕಾಣೋ ವಸ್ತುವಿಗೆ ಕೊಡೋ ಆಸೆ, ಹೊಸ ಪರದೆ, ಹೊಸ ಕುರ್ಚಿ, ಅದರ ಮೇಲೆ ಹೆಸರು. ಅದೂ ಬೇಕು, ತಪ್ಪಿಲ್ಲ. ಆದ್ರೆ ಕರೆಂಟ್ ಬಿಲ್ಲಿಗೆ ಅಂತ, ಟಾಯ್ಲೆಟ್ ರಿಪೇರಿಗೆ ಅಂತ ಕೊಡೋರು ಸಿಗೋದು ಕಷ್ಟ. ಅದಕ್ಕೇ ಸಾಧ್ಯವಾದ್ರೆ ಇದಕ್ಕೇ ಬಳಸಿ ಅಂತ ಷರತ್ತು ಹಾಕದೆ ಕೊಡಿ, ಎಲ್ಲಿ ತೂತಿದೆ ಅಂತ ಅವರಿಗೆ ಗೊತ್ತಿರತ್ತೆ. ರಸೀದಿ ಮಾತ್ರ ಕೇಳಿ ತಗೊಳಿ, ವರ್ಷದ ಲೆಕ್ಕಪತ್ರ ತೋರಿಸಿ ಅಂತಲೂ ಕೇಳಿ, ಕೇಳೋದು ಅನುಮಾನ ಅಲ್ಲ, ಚೆನ್ನಾಗಿ ನಡೆಯೋ ತಂಡ ಅದನ್ನ ಸಂತೋಷವಾಗೇ ತೋರಿಸತ್ತೆ. ಲಾಭರಹಿತ ಸಂಸ್ಥೆ ಅಂದ್ರೆ ಕೈಯಲ್ಲಿ ದುಡ್ಡೇ ಉಳೀಬಾರದು ಅಂತಲ್ಲ, ಉಳಿದದ್ದನ್ನ ಯಾರೂ ಹಂಚಿಕೊಳ್ಳಂಗಿಲ್ಲ, ಮುಂದಿನ ನಾಟಕಕ್ಕೇ ಹೋಗ್ಬೇಕು ಅಂತ.

ಸಾಮಾನು ಕೊಡೋರಿಗೆ ಒಂದು ಮಾತು. ಹಳೇ ಕೋಟು, ಟ್ರಂಕು, ಟೆಲಿಫೋನು, ಕುರ್ಚಿ, ಎಲ್ಲ ನಾಟಕದವರಿಗೆ ಚಿನ್ನವೇ, ಆದ್ರೆ ಫೋನ್ ಮಾಡಿ ಕೇಳಿ ಆಮೇಲೆ ತಗೊಂಡು ಹೋಗಿ, ಇಡೋಕೆ ಜಾಗ ಇಲ್ಲದೆ ಎಷ್ಟೋ ತಂಡಗಳು ಒದ್ದಾಡ್ತಿರ್ತವೆ.

ಇನ್ನು ದುಡ್ಡಿಗಿಂತ ನಂಗೆ ಹೆಚ್ಚು ಹೇಳ್ಬೇಕು ಅನ್ನಿಸೋದು ಕೈಕೆಲಸದ ಬಗ್ಗೆ. ಇಂಗ್ಲೆಂಡಿನ ಕಾರ್ನ್‌ವಾಲ್ ಅನ್ನೋ ಕಡೆ ಸಮುದ್ರಕ್ಕೆ ಮುಖ ಮಾಡಿರೋ ಬಂಡೆ ಮೇಲೆ ಮಿನಾಕ್ ಅಂತ ಒಂದು ಬಯಲು ರಂಗಮಂದಿರ ಇದೆ. ಅದನ್ನ ಕಟ್ಟಿದ್ದು ರೊವೆನಾ ಕೇಡ್ ಅನ್ನೋ ಹೆಣ್ಣುಮಗಳು. ಆಕೆ ನಟಿಯಾಗಿ ಬಂದೋರಲ್ಲ, 1929ರಲ್ಲಿ ಆ ಕಡೆಯ ಹವ್ಯಾಸಿಗಳು ಶೇಕ್ಸ್‌ಪಿಯರ್ ನಾಟಕ ಆಡುವಾಗ ವೇಷಭೂಷಣ ಹೊಲಿದುಕೊಟ್ಟೋರು. ಮುಂದಿನ ನಾಟಕಕ್ಕೆ ಜಾಗ ಬೇಕು ಅಂದಾಗ ನಮ್ಮ ತೋಟದ ಕೆಳಗಿನ ಬಂಡೆ ಇದೆಯಲ್ಲ ಅಂತ ತೋಟದ ಕೆಲಸದವರನ್ನ ಜೊತೆಗಿಟ್ಟುಕೊಂಡು ತಾವೇ ಕಲ್ಲು ಮಣ್ಣು ಹೊತ್ತು ಮಟ್ಟ ಮಾಡಿದ್ರು, 1932ರಲ್ಲಿ ಅಲ್ಲಿ ಮೊದಲ ನಾಟಕ ಆಯ್ತು, ಬೆಳಕಿಗೆ ಕಾರಿನ ಹೆಡ್‌ಲೈಟೂ ಸೇರ್ಕೊಂಡಿತ್ತು. ಆಮೇಲೆ ದಶಕಗಟ್ಟಲೆ ಚಳಿಗಾಲ ಬಂತಂದ್ರೆ ಆಕೆ ಅಲ್ಲೇ, ಹಸಿ ಸಿಮೆಂಟಿನ ಮೇಲೆ ಸ್ಕ್ರೂಡ್ರೈವರ್ ತುದಿಯಲ್ಲಿ ಚಿತ್ತಾರ ಕೊರೀತಾ. ಸೂಜಿ ದಾರದಿಂದ ಶುರುವಾದ ಕೆಲಸ ಅದು. ನಮ್ಮ ನೀನಾಸಂ ಕೂಡ 1949ರಲ್ಲಿ ಹೆಗ್ಗೋಡು ಅನ್ನೋ ಹಳ್ಳಿಯ ಜನ ಸೇರಿ ಕಟ್ಟಿದ ಹವ್ಯಾಸಿ ಸಂಘವೇ, ನಾಟಕ ಶಾಲೆ ಬಂದದ್ದು 1980ರಲ್ಲಿ, ಊರೂರು ಸುತ್ತೋ ತಿರುಗಾಟ 1985ರಲ್ಲಿ.

ಸರಿ, ಹೋದ್ರೆ ಏನು ಕೆಲಸ ಇರತ್ತೆ? ಶೋ ದಿನ ಸೈಡ್ ವಿಂಗು, ಅಂದ್ರೆ ವೇದಿಕೆ ಪಕ್ಕದ ಮರೆ, ಅದರ ಹಿಂದೆ ಹೋಗಿ ನಿಂತು ನೋಡಿ. ಅಲ್ಲೊಂದು ಟೇಬಲ್ ಇರತ್ತೆ, ಅದರ ಮೇಲೆ ಕಾಗದ ಹಾಸಿ ಪ್ರತಿ ವಸ್ತುವಿನ ಸುತ್ತ ಪೆನ್ನಲ್ಲಿ ಗೆರೆ ಎಳೆದು ಹೆಸರು ಬರೆದಿರ್ತಾರೆ, ಇಲ್ಲಿ ಕನ್ನಡಕ, ಇಲ್ಲಿ ಕಾಗದದ ಕವರು, ಇಲ್ಲಿ ಚಾಕು. ಗೆರೆ ಒಳಗೆ ಖಾಲಿ ಇದ್ರೆ ಆ ವಸ್ತು ಇನ್ನೂ ವಾಪಸ್ ಬಂದಿಲ್ಲ ಅಂತ ನೋಡಿದ ತಕ್ಷಣ ಗೊತ್ತಾಗತ್ತೆ. ಆ ಟೇಬಲ್ ಕಾಯೋಕೆ ಒಬ್ಬರು ಬೇಕು, ಅವರು ಅತ್ತಿತ್ತ ಹೋದ ಹೊತ್ತಲ್ಲಿ ನಟನ ಕೈಗೆ ಕಾಗದ ಸಿಗದಿದ್ರೆ ಇಡೀ ದೃಶ್ಯ ನಿಂತುಹೋಗತ್ತೆ. ಕತ್ತಲಲ್ಲಿ ನಟರು ಎಡವದ ಹಾಗೆ ಮೆಟ್ಟಿಲ ಅಂಚಿಗೆ ಹೊಳೆಯೋ ಟೇಪ್ ಅಂಟಿಸೋಕೆ, ಎರಡು ದೃಶ್ಯದ ನಡುವೆ ಅರ್ಧ ನಿಮಿಷದಲ್ಲಿ ಸೀರೆ ಬದಲಾಯಿಸೋಕೆ ಪಿನ್ ಹಿಡ್ಕೊಂಡು ನಿಲ್ಲೋಕೆ, ಬಾಗಿಲಲ್ಲಿ ಟಾರ್ಚ್ ಹಿಡಿದು ತಡವಾಗಿ ಬಂದವರನ್ನ ಸದ್ದಿಲ್ಲದೆ ಕೂರಿಸೋಕೆ, ಎಲ್ಲದಕ್ಕೂ ಜನ ಬೇಕು. ಲಂಡನ್ನಿನ ಶೇಕ್ಸ್‌ಪಿಯರ್ ಗ್ಲೋಬ್‌ನಂಥ ಜಗತ್ಪ್ರಸಿದ್ಧ ಮಂದಿರದಲ್ಲೇ ಪ್ರೇಕ್ಷಕರನ್ನ ನೋಡಿಕೊಳ್ಳೋರು ಸ್ವಯಂಸೇವಕರು. ಅಕೌಂಟ್ಸ್ ಗೊತ್ತಿರೋರು, ವೈರಿಂಗ್ ಗೊತ್ತಿರೋರು, ಟೈಲರಿಂಗ್ ಗೊತ್ತಿರೋರು ಬಂದ್ರಂತೂ ತಂಡದವರು ಕೈಮುಗೀತಾರೆ.

ಇದರಲ್ಲಿ ಎಲ್ಲಕ್ಕಿಂತ ಜನ ಕಮ್ಮಿ ಬೀಳೋದು ಕೊನೇ ಶೋ ಮುಗಿದ ರಾತ್ರಿ. ಪ್ರೇಕ್ಷಕರು ಹೋದ್ರು, ನಟರಿಗೆ ಸುಸ್ತು, ಆದ್ರೆ ಬೆಳಗಾಗೋದ್ರೊಳಗೆ ಹಾಲ್ ಖಾಲಿ ಮಾಡಿಕೊಡ್ಬೇಕು. ಸೆಟ್ ಬಿಚ್ಚಬೇಕು, ಹಲಗೆಯಿಂದ ಮೊಳೆ ಒಂದೊಂದಾಗಿ ಕೀಳಬೇಕು, ಯಾಕಂದ್ರೆ ಅದೇ ಹಲಗೆ ಮುಂದಿನ ನಾಟಕಕ್ಕೆ ಬಾಗಿಲಾಗತ್ತೆ, ಮೊಳೆ ಬಿಟ್ಟರೆ ಯಾರದೋ ಕಾಲಿಗೆ ಚುಚ್ಚತ್ತೆ. ಕೇಬಲ್ ಸುತ್ತಬೇಕು, ಬಟ್ಟೆ ಎಣಿಸಿ ಮೂಟೆ ಕಟ್ಟಬೇಕು, ಗಾಡಿಗೆ ಏರಿಸಬೇಕು. ಇದಕ್ಕೆ ಯಾವ ಪ್ರತಿಭೆಯೂ ಬೇಡ, ಗಟ್ಟಿ ಚಪ್ಪಲಿ ಹಾಕ್ಕೊಂಡು ಬಂದ್ರೆ ಸಾಕು. ಮತ್ತೆ ತಂಡದ ಪರಿಚಯ ಆಗೋಕೆ ಇದಕ್ಕಿಂತ ಒಳ್ಳೇ ಹೊತ್ತು ನಂಗಂತೂ ಗೊತ್ತಿಲ್ಲ, ಒಟ್ಟಿಗೆ ಭಾರ ಹೊತ್ತವರು ಮಾರನೇ ದಿನ ಅಪರಿಚಿತರಾಗಿ ಉಳಿಯಲ್ಲ.

ಒಂದು ವಿನಂತಿ, ಎಷ್ಟು ಹೊತ್ತು ಕೊಡೋಕಾಗತ್ತೋ ಅಷ್ಟೇ ಒಪ್ಪಿಕೊಳ್ಳಿ. ವಾರಕ್ಕೆ ಎರಡೇ ಗಂಟೆ ಅಂದ್ರೂ ಸರಿ, ಆದ್ರೆ ಬರ್ತೀನಿ ಅಂದ ದಿನ ಬನ್ನಿ, ಬರೋಕಾಗಲ್ಲ ಅಂದ್ರೆ ಮೊದಲೇ ಹೇಳಿ. ವಾಲಂಟಿಯರ್‌ಗಳನ್ನ ಜೋಡಿಸೋರೂ ಬಹುಪಾಲು ವಾಲಂಟಿಯರ್‌ಗಳೇ, ನಿಮ್ಮ ಹೆಸರು ಬರ್ಕೊಂಡು ವಾಪಸ್ ಫೋನ್ ಮಾಡದೆ ಇದ್ರೆ ಬೇಜಾರು ಮಾಡ್ಕೋಬೇಡಿ, ಮರೆತಿರ್ತಾರೆ ಅಷ್ಟೇ, ನೀವೇ ಇನ್ನೊಂದು ಸಲ ಮಾಡಿ. ಏನು ಕೇಳ್ಬೇಕು ಅಂತ ತೋಚದಿದ್ರೆ ಇಷ್ಟು ಕೇಳಿ, ನಿಮ್ಮ ಕೊನೇ ಶೋ ಯಾವತ್ತು, ಸೆಟ್ ಬಿಚ್ಚೋಕೆ ಎಷ್ಟು ಜನ ಕಮ್ಮಿ ಇದಾರೆ ಅಂತ.

ನಮಸ್ಕಾರ.