ಬೆಳಕಿಗಿಂತ ಬೇಗ ಓಡುವ ಹೆಸರು

ನಮಸ್ಕಾರ. ಇವತ್ತು ಒಂದೇ ಒಂದು ಹೆಸರಿನ ಬಗ್ಗೆ ಮಾತಾಡೋಣ. ನೊಜೊಮಿ. ಜಪಾನಿನಲ್ಲಿ ಇದು ಜಾಸ್ತಿ ಹೆಣ್ಣುಮಕ್ಕಳ ಹೆಸರು, ಗಂಡುಮಕ್ಕಳಿಗೂ ಇಡುತ್ತಾರೆ. ಆಸೆ, ಹಾರೈಕೆ, ಭರವಸೆ, ಎಲ್ಲವೂ ಆ ಮೂರು ಅಕ್ಷರದಲ್ಲಿದೆ.

ಕರೆಯುವಾಗ ಒಂದೇ ಹೆಸರು. ಬರೆಯುವಾಗ ಮಾತ್ರ ಒಂದೊಂದು ಮನೆಯಲ್ಲಿ ಒಂದೊಂದು ಥರ. ಕೆಲವರು ಆರಿಸುವ ಕಾಂಜಿ (ಚೀನಾದಿಂದ ಬಂದ, ಅರ್ಥ ಹೊತ್ತ ಲಿಪಿ) ಅಕ್ಷರಕ್ಕೆ ಆಸೆಯ ಜೊತೆ ‘ಅಪರೂಪ’ ಅನ್ನುವ ಅರ್ಥವೂ ಇದೆ. ಕೆಲವರು ‘ಚೆಲುವು’ ಅನ್ನುವ ಅಕ್ಷರವನ್ನು ಕೊನೆಗೆ ಸೇರಿಸುತ್ತಾರೆ. ಕಾಂಜಿಯೇ ಬೇಡ ಎಂದು, ಬರೀ ಉಚ್ಚಾರ ತೋರಿಸುವ ಹಿರಾಗಾನ ಲಿಪಿಯಲ್ಲಿ ಬರೆಯುವವರೂ ಇದ್ದಾರೆ.

ನನಗೆ ತುಂಬಾ ಇಷ್ಟವಾದ ಅಕ್ಷರ ಇನ್ನೊಂದು. ಅದರೊಳಗೆ ಚಂದ್ರನ ಗುರುತು ಇದೆ, ಹುಣ್ಣಿಮೆ ಅನ್ನುವ ಅರ್ಥವೂ ಇದೆ. ಜಪಾನಿ ಭಾಷೆಯಲ್ಲಿ ದೂರದರ್ಶಕಕ್ಕೆ ‘ಬೋಎನ್‌ಕ್ಯೋ’ ಅನ್ನುತ್ತಾರೆ, ಆ ಪದ ಶುರುವಾಗುವುದೂ ಇದೇ ಅಕ್ಷರದಿಂದ. ಯಾಕಂದ್ರೆ ನೊಜೊಮಿಯ ಮೂಲ ಕ್ರಿಯಾಪದ ‘ನೊಜೊಮು’ ಅಂದರೆ ಬಯಸುವುದು ಮಾತ್ರ ಅಲ್ಲ, ದೂರಕ್ಕೆ ಕಣ್ಣು ಹಾಯಿಸುವುದು ಕೂಡ. ದೂರದಿಂದ ಫ್ಯೂಜಿ ಬೆಟ್ಟ ಕಂಡರೂ ಇದೇ ಕ್ರಿಯಾಪದ. ಮಗುವಿಗೆ ಇಡಲು ಇದಕ್ಕಿಂತ ಒಳ್ಳೆಯ ಹೆಸರು ನನಗಂತೂ ಗೊತ್ತಿಲ್ಲ.

ಈಗ ರೈಲಿಗೆ ಬರೋಣ. 1964ರಲ್ಲಿ ಜಪಾನಿನ ಬುಲೆಟ್ ರೈಲು ಶಿಂಕಾನ್‌ಸೆನ್ ಶುರುವಾದಾಗ ವೇಗದ ರೈಲಿಗೆ ‘ಹಿಕಾರಿ’ ಅಂತ ಹೆಸರಿಟ್ಟರು, ಅಂದರೆ ಬೆಳಕು. ಎಲ್ಲಾ ಕಡೆ ನಿಲ್ಲುವ ರೈಲು ‘ಕೊದಾಮಾ’, ಅಂದರೆ ಮಾರ್ದನಿ. ಬೆಳಕು ಮುಂದೆ, ಸದ್ದು ಹಿಂದೆ. ಎಷ್ಟು ಸರಿಯಾಗಿದೆ ನೋಡಿ! ಆದರೆ 1992ರಲ್ಲಿ ಇನ್ನೂ ವೇಗದ ರೈಲು ಬಂತು. ಗಂಟೆಗೆ 270 ಕಿಲೋಮೀಟರ್, ಟೋಕಿಯೊದಿಂದ ಶಿನ್-ಓಸಾಕಾಗೆ ಎರಡೂವರೆ ಗಂಟೆ. ಬೆಳಕಿಗಿಂತ ಬೇಗ ಓಡುವುದಕ್ಕೆ ಏನಂತ ಹೆಸರಿಡುವುದು? ನೊಜೊಮಿ.

ಭರವಸೆಗೆ ಅಲ್ಲಿ ‘ಕಿಬೋ’ ಅನ್ನುವ ಇನ್ನೊಂದು ಪದವೂ ಇದೆ. ಅದು ಚೀನೀ ಮೂಲದ್ದು, ಸ್ವಲ್ಪ ಗಂಭೀರ. ನೊಜೊಮಿ ಅಚ್ಚ ಜಪಾನಿ. ನಮಗೆ ‘ಸೂರ್ಯ’ ಮತ್ತು ‘ನೇಸರು’ ಕಿವಿಗೆ ಬೇರೆಬೇರೆ ಕೇಳಿಸುತ್ತವೆ ಅಲ್ವಾ, ಹಾಗೆ. ಅಷ್ಟು ವೇಗದ ರೈಲಿಗೆ ಮನೆಮಾತಿನ ಪದವೇ ಸಾಕು ಅಂದುಕೊಂಡರಲ್ಲ, ಅದು ನನಗೆ ದೊಡ್ಡ ವಿಷಯ.

1998ರಲ್ಲಿ ಜಪಾನ್ ಮಂಗಳ ಗ್ರಹಕ್ಕೆ ನೌಕೆ ಕಳಿಸಿತು. ಹೆಸರು ಮತ್ತೆ ನೊಜೊಮಿ. ಅದೇ ವರ್ಷ ಒಂದು ಕವಾಟ ಕೈಕೊಟ್ಟು ಇಂಧನ ಕಡಿಮೆಯಾಯಿತು. ಆದರೂ ಬಿಡಲಿಲ್ಲ, ಸೂರ್ಯನ ಸುತ್ತ ಬಳಸು ದಾರಿ ಹುಡುಕಿದರು. ಆಮೇಲೆ ಸೌರಜ್ವಾಲೆಯ ಹೊಡೆತ ಬಿತ್ತು. 2003ರ ಡಿಸೆಂಬರಿನಲ್ಲಿ ಅದು ಮಂಗಳನ ಪಕ್ಕದಲ್ಲೇ ಹಾದುಹೋಯಿತು, ಕಕ್ಷೆಗೆ ಸೇರಲಿಲ್ಲ. ಹಾಗಂತ ಆ ಹೆಸರು ಸುಳ್ಳಾಯಿತು ಅಂದರೆ ನಾನು ಒಪ್ಪುವುದಿಲ್ಲ. ಐದು ವರ್ಷ ಅದನ್ನು ಉಳಿಸಲು ಒದ್ದಾಡಿದ ಜನರನ್ನು ನೋಡಿ.

ಆ ನೌಕೆಯಲ್ಲಿ ಒಂದು ಪುಟ್ಟ ಲೋಹದ ತಗಡು ಇದೆ. ಸುಮಾರು 2 ಲಕ್ಷ 70 ಸಾವಿರ ಜನ ಕಳಿಸಿದ ಹೆಸರುಗಳನ್ನು ಅದರಲ್ಲಿ ಸಣ್ಣದಾಗಿ ಕೆತ್ತಿದ್ದಾರೆ. ಅಷ್ಟು ಹೆಸರಿನಲ್ಲಿ ಕೆಲವಾದರೂ ನೊಜೊಮಿಗಳು ಇರಲೇಬೇಕು ಅಲ್ವಾ? ಕಾಂಜಿಯಲ್ಲಿ ಒಬ್ಬಳು, ಹಿರಾಗಾನದಲ್ಲಿ ಇನ್ನೊಬ್ಬಳು. ಸೂರ್ಯನ ಸುತ್ತ ಇನ್ನೂ ಸುತ್ತುತ್ತಾ ಇದ್ದಾರೆ.