ಎರಡು ಸೆಂಟಿಮೀಟರ್ ಆಲಿಸ್

ಕೇಳುಗರಿಗೆ ನಮಸ್ಕಾರ.

ಮೊಲದ ಬಿಲಕ್ಕೆ ಬಿದ್ದ ಹುಡುಗಿ ಆಲಿಸಳ ಕಥೆ ನಿಮಗೆ ಗೊತ್ತೇ ಇರುತ್ತದೆ. ಜೇಬಿನಿಂದ ಗಡಿಯಾರ ತೆಗೆದು ನೋಡಿ, ಅಯ್ಯೋ ತಡವಾಯ್ತು ಅಂತ ಓಡುವ ಬಿಳಿ ಮೊಲ. ಮೈಯೆಲ್ಲ ಮಾಯವಾದರೂ ನಗು ಮಾತ್ರ ಬಿಟ್ಟುಹೋಗುವ ಬೆಕ್ಕು. ಮಾತೆತ್ತಿದರೆ ತಲೆ ಹಾರಿಸಿ ಅನ್ನುವ ರಾಣಿ. ಲೂಯಿಸ್ ಕ್ಯಾರಲ್ ಬರೆದ ಈ ಕಥೆ ಪುಸ್ತಕವಾಗಿ ಬಂದದ್ದು 1865ರಲ್ಲಿ. ಇದನ್ನು ಕಾಗದದಲ್ಲಿ, ಅದೂ ಬೆರಳ ತುದಿಯಷ್ಟು ಚಿಕ್ಕದಾಗಿ, ಮಾಡುವುದು ಹೇಗೆ ಅಂತ ಇವತ್ತು ಮಾತಾಡೋಣ.

ರೇಡಿಯೋದಲ್ಲಿ ಕೈಕೆಲಸ ಹೇಳಿಕೊಡುವುದು ಸ್ವಲ್ಪ ಪೇಚಿನ ವಿಷಯವೇ. ಎತ್ತಿ ತೋರಿಸೋಕೆ ಆಗುವುದಿಲ್ಲ. ಆದರೆ ಈ ಕಥೆಯಲ್ಲಿ ನಮಗೊಂದು ಅನುಕೂಲ ಇದೆ. ಇದರ ತುಂಬ ಅಳತೆಗಳು. ಅಳತೆ ಕಿವಿಗೆ ಬಿದ್ದರೂ ಸಾಕು, ಅಲ್ವಾ?

ಬರೆದವರು ಆಕ್ಸ್‌ಫರ್ಡಿನಲ್ಲಿ ಗಣಿತದ ಮೇಷ್ಟ್ರು. ಅದಕ್ಕೋ ಏನೋ, ಬೇರೆಯವರು "ಪುಟ್ಟ ಬಾಗಿಲು" ಅಂತ ಬರೆದು ಮುಂದೆ ಹೋಗುವ ಕಡೆ ಇವರು ಲೆಕ್ಕ ಕೊಡುತ್ತಾರೆ. ತೋಟಕ್ಕೆ ಹೋಗುವ ಬಾಗಿಲು ಸುಮಾರು 15 ಇಂಚು ಎತ್ತರ. ಸೀಸೆಯಲ್ಲಿದ್ದದ್ದನ್ನು ಕುಡಿದ ಮೇಲೆ ಆಲಿಸ್ 10 ಇಂಚು. ಕೇಕು ತಿಂದ ಮೇಲೆ 9 ಅಡಿಗಿಂತ ಜಾಸ್ತಿ, ತಲೆ ಹೋಗಿ ಮಾಳಿಗೆಗೆ ಬಡಿಯುತ್ತದೆ. ಅಣಬೆಯ ಮೇಲೆ ಕೂತು ಹುಕ್ಕಾ ಸೇದುವ ಕಂಬಳಿಹುಳ ಸರಿಯಾಗಿ 3 ಇಂಚು. ಅದೂ ಒಂದು ಎತ್ತರವೇ ಅಂತ ಆಲಿಸ್ ಗೊಣಗಿದಾಗ ಹುಳಕ್ಕೆ ಎಲ್ಲಿಲ್ಲದ ಸಿಟ್ಟು.

ಚಿಕ್ಕ ಮಾದರಿ ಮಾಡುವವರಿಗೆ ಇದಕ್ಕಿಂತ ಒಳ್ಳೆ ನಕ್ಷೆ ಬೇಕಾ? ಆ ಬಾಗಿಲಿರುವ ಹಜಾರದ ಮಾಳಿಗೆ ಎಷ್ಟು ಎತ್ತರ ಅನ್ನುವುದು ಕೂಡ ಆಲಿಸಳ ತಲೆಗೆ ಬಿದ್ದ ಪೆಟ್ಟಿನಿಂದಲೇ ಗೊತ್ತಾಗುತ್ತದೆ.

ಈಗ ಇದನ್ನೆಲ್ಲ ಕುಗ್ಗಿಸಬೇಕು. ಬೊಂಬೆ ಮನೆ ಮಾಡುವವರು ಹೆಚ್ಚಾಗಿ ಹಿಡಿಯುವ ಪ್ರಮಾಣ 1:12. ಒಂದು ಅಡಿ ಇದ್ದದ್ದು ಒಂದು ಇಂಚು ಆಗುತ್ತದೆ. ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿರುವ ರಾಣಿ ಮೇರಿಯ ಬೊಂಬೆ ಮನೆ 1924ರಲ್ಲಿ ಮುಗಿಯಿತು. ಅದನ್ನು ಕಟ್ಟಿದ್ದೂ ಇದೇ ಲೆಕ್ಕದಲ್ಲಿ. ಕಥೆಯ ಅಳತೆಗಳೆಲ್ಲ ಅಡಿ, ಇಂಚಿನಲ್ಲೇ ಇರುವುದರಿಂದ ನಮಗೂ ಇದೇ ಸಲೀಸು.

ಲೆಕ್ಕ ಹಾಕಿ ನೋಡಿ. ಹಜಾರ 9 ಅಡಿ, ಅಂದರೆ ನಮ್ಮ ರಟ್ಟಿನ ಪೆಟ್ಟಿಗೆ 9 ಇಂಚು ಎತ್ತರ, ಹತ್ತಿರ ಹತ್ತಿರ 23 ಸೆಂಟಿಮೀಟರ್. ಬಾಗಿಲು 32 ಮಿಲಿಮೀಟರ್. ಕಂಬಳಿಹುಳ ಬರೀ 6 ಮಿಲಿಮೀಟರ್. ಆಲಿಸಳೋ, ಈ ಹಜಾರಕ್ಕೇ ಒಬ್ಬಳಲ್ಲ, ಮೂವರು ಬೇಕು. ಮಾಳಿಗೆಗೆ ತಲೆ ತಾಗಿಸಿಕೊಂಡವಳು 23 ಸೆಂಟಿಮೀಟರ್. ಮಾಮೂಲಿ ಎತ್ತರದ ಹುಡುಗಿ ನಾಲ್ಕಡಿ ಅಂತ ಇಟ್ಟುಕೊಂಡರೆ 10 ಸೆಂಟಿಮೀಟರ್. ಕುಗ್ಗಿದವಳು 2 ಸೆಂಟಿಮೀಟರಿಗೆ ಒಂಚೂರು ಜಾಸ್ತಿ.

ಇಲ್ಲೇ ಬಹಳ ಮಂದಿ ಎಡವುತ್ತಾರೆ. ಚಿಕ್ಕ ಆಲಿಸ್ ತೀರಾ ಚಿಕ್ಕವಳಾದಳು, ಮುಖ ಬರೆಯೋಕೆ ಆಗಲ್ಲ ಅಂತ ಅವಳನ್ನು ನಾಲ್ಕೈದು ಸೆಂಟಿಮೀಟರಿಗೆ ಎಳೆದುಬಿಡುತ್ತಾರೆ. ಆಮೇಲೆ ಅವಳು ಬಾಗಿಲಿಗಿಂತ ಎತ್ತರ! ಬೀಗದ ಕೈ ಸಿಕ್ಕರೂ ಒಳಗೆ ಹೋಗುವ ಹಾಗಿಲ್ಲ. ಕಥೆಯ ಮಜಾ ಇರುವುದೇ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರದಲ್ಲಿ. ಆಲಿಸ್ ಎಷ್ಟು ಬೇಕಾದರೂ ಬೆಳೆಯಲಿ, ಕುಗ್ಗಲಿ. ನಮ್ಮ ಅಳತೆಪಟ್ಟಿ ಮಾತ್ರ ಜಗ್ಗಬಾರದು. ಎರಡು ಸೆಂಟಿಮೀಟರಿನ ಆಲಿಸಳಿಗೆ ಕಣ್ಣು ಮೂಗು ಬೇಡವೇ ಬೇಡ. ಫ್ರಾಕಿನ ಆಕಾರ, ಬೆನ್ನ ಮೇಲೆ ಬಿದ್ದ ಕೂದಲು, ಮೇಲಕ್ಕೆ ಎತ್ತಿದ ಗದ್ದ. ಅಷ್ಟಿದ್ದರೆ ಯಾರು ಅಂತ ಗೊತ್ತಾಗುತ್ತದೆ. ಗದ್ದ ಯಾಕೆ ಮೇಲಕ್ಕೆ? ಬೀಗದ ಕೈ ಗಾಜಿನ ಮೇಜಿನ ಮೇಲೆ ಉಳಿದುಬಿಟ್ಟಿದೆಯಲ್ಲ!

ಆ ಮೇಜು ಮೂರು ಕಾಲಿನದು, ಪೂರ್ತಿ ಗಾಜಿನದು. ಕೆಳಗೆ ನಿಂತ ಆಲಿಸಳಿಗೆ ಬೀಗದ ಕೈ ಕಾಣಬೇಕು, ಕೈಗೆ ಸಿಗಬಾರದು. ಕೆಲವರು ಟ್ರೇಸಿಂಗ್ ಪೇಪರ್ ಹಾಕುತ್ತಾರೆ. ಅದರ ಮೂಲಕ ಬೆಳಕು ಬರುತ್ತದೆ, ಬೀಗದ ಕೈ ಕಾಣುವುದಿಲ್ಲ. ಇದೊಂದು ಕಡೆ ಕಾಗದದ ಹಟ ಬಿಡಿ ಅಂತ ನನ್ನ ಸಲಹೆ. ಯಾವುದಾದರೂ ಪ್ಯಾಕೆಟ್ಟಿನ ಪಾರದರ್ಶಕ ಪ್ಲಾಸ್ಟಿಕ್ ತುಂಡನ್ನು ಮೇಜಿನ ಹಲಗೆ ಮಾಡಿ. ಎತ್ತರ 6 ಸೆಂಟಿಮೀಟರ್ ಇರಲಿ. ಬೀಗದ ಕೈಯನ್ನು ಚಿನ್ನದ ಬಣ್ಣದ ಕಾಗದದಲ್ಲಿ ಕತ್ತರಿಸಿ, ಸುಮ್ನೆ ಮೇಲಿಡಿ.

ಇನ್ನೊಂದು ವಿಷಯ ನಮ್ಮ ಅಳತೆಪಟ್ಟಿಯ ಮಾತು ಕೇಳುವುದಿಲ್ಲ. ಕಾಗದದ ದಪ್ಪ. ಪ್ರಿಂಟರಿಗೆ ಹಾಕುವ ಮಾಮೂಲಿ 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದ, ಸುಮಾರು 0.1 ಮಿಲಿಮೀಟರ್ ದಪ್ಪ. ನಮ್ಮ ಕಣ್ಣಿಗೆ ಅದು ತೆಳು. ಆದರೆ 1:12ರ ಲೋಕದಲ್ಲಿ ಅದನ್ನು ಹನ್ನೆರಡರಿಂದ ಗುಣಿಸಬೇಕು. 1.2 ಮಿಲಿಮೀಟರ್! ಅಲ್ಲಿಯವರಿಗೆ ಅದು ಕಾಗದವೇ ಅಲ್ಲ, ರಟ್ಟು. ಹಾಗಾಗಿ ಈ ಕಾಗದದಲ್ಲಿ ಪುಟ್ಟ ಪುಸ್ತಕ ಹೊಲಿದರೆ ಹಾಳೆಗಳು ಬಗ್ಗುವುದಿಲ್ಲ, ಕಡ್ಡಿಯಂತೆ ನಿಲ್ಲುತ್ತವೆ. ತೆರೆದಿಟ್ಟ ಪುಸ್ತಕ ಬೇಕಿದ್ದರೆ ಟಿಶ್ಯೂ ಕಾಗದಕ್ಕೇ ಹೋಗಬೇಕು. ಕಪಾಟಿನಲ್ಲಿ ಸಾಲಾಗಿ ನಿಲ್ಲಿಸುವುದಕ್ಕೆ ಅಷ್ಟೆಲ್ಲ ಒದ್ದಾಡಬೇಡಿ. ಕಾಗದದ ತುಂಡುಗಳನ್ನು ಒಟ್ಟಿಗೆ ಅಂಟಿಸಿ, ಬೆನ್ನಿಗೆ ಬಣ್ಣದ ಪಟ್ಟಿ ಸುತ್ತಿ. ಯಾರೂ ಬಿಡಿಸಿ ನೋಡುವುದಿಲ್ಲ. ಬಾಗಿಲಿಗೆ ಮಾತ್ರ 2 ಮಿಲಿಮೀಟರ್ ರಟ್ಟು ಹೇಳಿ ಮಾಡಿಸಿದ ಹಾಗಿದೆ. ಹನ್ನೆರಡರಿಂದ ಗುಣಿಸಿದರೆ ಹತ್ತಿರ ಹತ್ತಿರ ಒಂದು ಇಂಚು, ನಿಜವಾದ ಬಾಗಿಲ ಹಲಗೆಯ ದಪ್ಪ.

ಕತ್ತರಿಸಿದ ಅಂಚು ಬಿಳಿಯಾಗಿ ಕಾಣುತ್ತದೆ, ಅದು ನೋಡಿ ಕಾಗದದ ಗುಟ್ಟು ರಟ್ಟು ಮಾಡುವುದು. ನೀಲಿ ಫ್ರಾಕು ಕತ್ತರಿಸಿದರೆ ಸುತ್ತ ಒಂದು ಬಿಳಿ ಗೆರೆ. ಅದೇ ಬಣ್ಣದ ಪೆನ್ಸಿಲನ್ನು ಅಂಚಿನ ಮೇಲೆ ಒಮ್ಮೆ ಎಳೆಯಿರಿ, ಅಂಟಿಸುವ ಮುಂಚೆಯೇ. ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿ ಮಾಡಿದರೂ ಸ್ಕೂಲ್ ಪ್ರಾಜೆಕ್ಟ್ ಥರ ಕಾಣುತ್ತದೆ.

ಸಾಮಾನು ಹೆಚ್ಚೇನೂ ಬೇಡ. ಹೊಸ ಬ್ಲೇಡಿನ ಕಟ್ಟರ್, ಸ್ಟೀಲ್ ಸ್ಕೇಲು, ಚಿಮುಟ, ಬಿಳಿ ಅಂಟು. ಅಂಟನ್ನು ಹಲ್ಲುಕಡ್ಡಿಯ ತುದಿಯಲ್ಲಿ ಮುಟ್ಟಿಸಿದರೆ ಸಾಕು. ಜಾಸ್ತಿಯಾದರೆ ಅದರಲ್ಲಿನ ನೀರಿಗೆ ಕಾಗದ ಸೊಟ್ಟಗಾಗುತ್ತದೆ. ಇಂಕು ಮುಗಿದ ಬಾಲ್‌ಪೆನ್ನು ಎಸೆಯಬೇಡಿ. ಮಡಚುವ ಜಾಗದಲ್ಲಿ ಮೊದಲು ಅದರಿಂದ ಒತ್ತಿ ಗೆರೆ ಎಳೆದರೆ ಮಡಿಕೆ ನೇರವಾಗಿ ಬರುತ್ತದೆ. ಕಾಗದದ ನಾರು ಒಂದು ದಿಕ್ಕಿಗೆ ಓಡುತ್ತದೆ, ಅದನ್ನೂ ನೋಡಿಕೊಳ್ಳಿ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಗ್ಗಿಸಿ. ಯಾವ ಕಡೆ ಸುಲಭವಾಗಿ ಬಗ್ಗುತ್ತದೋ ಆ ಮಡಿಕೆಯ ಗುಂಟ ನಾರಿದೆ. ಅದಕ್ಕೆ ಅಡ್ಡಲಾಗಿ ಮಡಚಿದರೆ ದಪ್ಪ ಕಾಗದ ಬಿರಿಯುತ್ತದೆ.

ಈಗ ನನಗೆ ತುಂಬ ಇಷ್ಟವಾದ ಭಾಗ. ರಾಣಿಯ ತೋಟ. ಇಲ್ಲಿ ಬರುವವರೆಲ್ಲ ಇಸ್ಪೀಟ್ ಎಲೆಗಳು. ಚಪ್ಪಟೆ ಮೈ, ಮೂಲೆಗಳಲ್ಲಿ ಕೈಕಾಲು. ಕಾಗದದ ಕೆಲಸಕ್ಕೆ ಇವರಿಗಿಂತ ಒಳ್ಳೆ ಪಾತ್ರಗಳು ಸಿಗುವುದಿಲ್ಲ, ಯಾಕಂದರೆ ಇವರು ಹುಟ್ಟಿದ್ದೇ ಕಾಗದದಲ್ಲಿ. ಮಾಲಿಗಳು ಮೂವರು. ಸ್ಪೇಡಿನ ಎರಡು, ಐದು, ಏಳು. ಕೆಂಪು ಗುಲಾಬಿ ನೆಡಬೇಕಾದ ಕಡೆ ಬಿಳಿ ಗುಲಾಬಿ ನೆಟ್ಟುಬಿಟ್ಟು, ರಾಣಿ ಬರುವುದರೊಳಗೆ ಹೂವಿಗೆ ಕೆಂಪು ಬಳಿಯುತ್ತಿದ್ದಾರೆ. ತೋಟಕ್ಕೆ ಬರುವಾಗ ಆಲಿಸ್ ಒಂದು ಅಡಿ ಎತ್ತರ, ಅಂದರೆ ನಮಗೆ ಒಂದು ಇಂಚು. ಮಾಲಿಗಳನ್ನೂ ನಾನು ಅಷ್ಟೇ ಎತ್ತರ ಮಾಡುತ್ತೇನೆ. ಕೈಕಾಲಿಗೆ ಒಂದು ಮಿಲಿಮೀಟರ್ ಅಗಲದ ಪಟ್ಟಿಯನ್ನು ಹಿಂದೆ ಮುಂದೆ ಮಡಚಿ ಅಂಟಿಸಿ. ಮೇಜು ಅಲುಗಿದರೆ ಮೂವರೂ ನಡುಗುತ್ತಾರೆ. ನಡುಗಲೇಬೇಕಲ್ಲ, ರಾಣಿ ಬರುತ್ತಿದ್ದಾಳೆ.

ಇವರ ಬೆನ್ನನ್ನು ಮರೆಯಬೇಡಿ. ರಾಣಿ ಬಂದ ಕೂಡಲೇ ಮೂವರೂ ಬೋರಲು ಬೀಳುತ್ತಾರೆ. ಎಲ್ಲ ಎಲೆಗಳ ಬೆನ್ನೂ ಒಂದೇ ಥರ ಇರುವುದರಿಂದ, ಬಿದ್ದವರು ಮಾಲಿಗಳೋ, ಸಿಪಾಯಿಗಳೋ, ತನ್ನ ಮಕ್ಕಳೇನೋ ಅಂತ ರಾಣಿಗೆ ತಿಳಿಯುವುದಿಲ್ಲ. ಹಾಗಾಗಿ ಬೆನ್ನಿನ ಚಿತ್ತಾರ ಎಲ್ಲರಿಗೂ ಒಂದೇ ಇರಬೇಕು.

ಗುಲಾಬಿ ಮಾಡುವುದು ಹೀಗೆ. ತೆಳು ಬಿಳಿ ಕಾಗದದಲ್ಲಿ 2 ಸೆಂಟಿಮೀಟರ್ ಅಡ್ಡಗಲದ ಒಂದು ಬಿಲ್ಲೆ. ಹೊರ ಅಂಚಿನಿಂದ ಶುರು ಮಾಡಿ ಸುರುಳಿಯಾಗಿ ಒಳಗೆ ಕತ್ತರಿಸುತ್ತಾ ಹೋಗಿ, ಪಟ್ಟಿ ಸುಮಾರು 2 ಮಿಲಿಮೀಟರ್ ಅಗಲ ಇರಲಿ. ಹೊರ ಅಂಚು ಕೊಂಚ ಅಂಕುಡೊಂಕಾದರೆ ಒಳ್ಳೆಯದೇ, ಅವೇ ದಳಗಳು. ಈಗ ಹೊರತುದಿಯನ್ನು ಚಿಮುಟದಲ್ಲಿ ಹಿಡಿದು ಸುತ್ತುತ್ತಾ ಬನ್ನಿ. ಪೂರ್ತಿ ಸುತ್ತಿದ ಮೇಲೆ ನಡುವಿನ ಚೂರು ಉಳಿಯುತ್ತದೆ, ಅದು ಹೂವಿನ ತಳ. ಅದಕ್ಕೆ ಒಂದು ಹನಿ ಅಂಟು. ಬೆರಳು ಸಡಿಲ ಬಿಟ್ಟರೆ ಸುರುಳಿ ತಾನಾಗಿ ಅರಳುತ್ತದೆ. ಎಷ್ಟು ಅರಳಬೇಕೋ ಅಷ್ಟು ಬಿಟ್ಟು, ಆಮೇಲೆ ತಳಕ್ಕೆ ಒತ್ತಿ. ಬಣ್ಣಕ್ಕೆ ನೀರಿನ ಕುಂಚ ಹಿಡಿಯಬೇಡಿ, ನೆನೆದ ಕಾಗದ ಬಿಚ್ಚಿಕೊಳ್ಳುತ್ತದೆ. ಕೆಂಪು ಸ್ಕೆಚ್ ಪೆನ್ನಿನ ತುದಿಯಿಂದ ಅಂಚು ಮಾತ್ರ ಮುಟ್ಟಿಸಿ. ಎಲ್ಲ ಹೂವಿಗೂ ಬಳಿಯಬೇಡಿ. ಕೆಲವು ಪೂರ್ತಿ ಕೆಂಪು, ಕೆಲವು ಅರ್ಧ, ಮಿಕ್ಕವು ಬಿಳಿ. ಹಾಗಿದ್ದರೇನೇ ಕೆಲಸ ಇನ್ನೂ ಮುಗಿದಿಲ್ಲ ಅನ್ನುವುದು ಕಾಣುತ್ತದೆ. ಗಿಡದ ಕೆಳಗೆ ಒಂದೆರಡು ಕೆಂಪು ಚುಕ್ಕೆ ಬಿದ್ದಿರಲಿ.

ಟೋಪಿವಾಲನ ಚಹಾ ಕೂಟಕ್ಕೆ ಬಟ್ಟಲುಗಳು ಬೇಕು, ಅದೂ ಬೇಕಾದಷ್ಟು. ಅಲ್ಲಿ ಹೊತ್ತು ಸಂಜೆ ಆರಕ್ಕೇ ನಿಂತುಬಿಟ್ಟಿದೆ. ಯಾವಾಗಲೂ ಚಹಾದ ಸಮಯ, ತೊಳೆಯೋಕೆ ಬಿಡುವಿಲ್ಲ, ಅದಕ್ಕೆ ಪಕ್ಕದ ಕುರ್ಚಿಗೆ ಸರಿಯುತ್ತಾ ಹೋಗುತ್ತಾರೆ. ಒಂದೂವರೆ ಮಿಲಿಮೀಟರ್ ಅಗಲದ ಪಟ್ಟಿಯನ್ನು ಬಿಗಿಯಾಗಿ ಸುತ್ತಿ 7 ಮಿಲಿಮೀಟರ್ ಅಡ್ಡಗಲದ ಬಿಲ್ಲೆ ಮಾಡಿ. ಪೆನ್ಸಿಲಿನ ಹಿಂತುದಿಯಿಂದ ನಡುವನ್ನು ಮೆಲ್ಲಗೆ ಒತ್ತಿದರೆ ಸುತ್ತುಗಳು ಒಂದರಿಂದೊಂದು ಜಾರಿ ಬಟ್ಟಲಾಗುತ್ತದೆ. ಒಳಗೆ ಅಂಟು ಸವರಿದರೆ ಗಟ್ಟಿ. ಅಷ್ಟು ಚಿಕ್ಕ ಬಟ್ಟಲಿಗೆ ಎಷ್ಟು ಉದ್ದದ ಪಟ್ಟಿ ಬೇಕು, ಊಹಿಸಿ? ಹತ್ತಿರ ಹತ್ತಿರ 40 ಸೆಂಟಿಮೀಟರ್. ಕಾಗದದ ದಪ್ಪ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಒಳಗೆ ಕಂದು ಬಣ್ಣ ಹಚ್ಚಿ, ಎಂಜಲು ಬಟ್ಟಲುಗಳಲ್ಲವೇ.

ಟೋಪಿಯ ಮೇಲೆ ಒಂದು ಚೀಟಿ ಸಿಕ್ಕಿಸಿರುತ್ತದೆ, 10/6 ಅಂತ. ಹತ್ತು ಶಿಲ್ಲಿಂಗ್ ಆರು ಪೆನ್ಸ್, ಟೋಪಿಯ ಬೆಲೆ. ಇದು ಜಾನ್ ಟೆನಿಯಲ್ ಬರೆದ ಚಿತ್ರದಲ್ಲಿ ಕಾಣುತ್ತದೆ. ಪುಸ್ತಕಕ್ಕೆ ಅವರು 42 ಚಿತ್ರ ಬರೆದರು. ಮೊದಲ ಸಲ ಅಚ್ಚಾದ 2000 ಪ್ರತಿಗಳಲ್ಲಿ ತಮ್ಮ ಚಿತ್ರ ಚೆನ್ನಾಗಿ ಮೂಡಿಲ್ಲ ಅಂತ ಅವರು ತಕರಾರು ತೆಗೆದು, ಆ ಮುದ್ರಣವನ್ನೇ ತಡೆಹಿಡಿಯಬೇಕಾಯಿತು. ಗೆರೆಯ ವಿಷಯದಲ್ಲಿ ಅಂಥ ಪಟ್ಟು! ಆದರೆ ಅವರ ಚಿತ್ರವನ್ನೇ ಜೆರಾಕ್ಸಿನಲ್ಲಿ ಕುಗ್ಗಿಸಿ ಅಂಟಿಸೋಣ ಅಂದುಕೊಂಡರೆ ಆಗುವುದಿಲ್ಲ. ಆ ಒತ್ತೊತ್ತು ಗೆರೆಗಳೆಲ್ಲ ಸೇರಿ ಕಪ್ಪು ಮುದ್ದೆಯಾಗುತ್ತವೆ. ಹೊರ ಆಕಾರ ಮಾತ್ರ ತೆಗೆದುಕೊಳ್ಳಿ.

ಮೊಲದ ಬಿಲವನ್ನು ಸುರಂಗದ ಪುಸ್ತಕವಾಗಿ ಮಾಡಬಹುದು. ಒಂದರ ಹಿಂದೊಂದು ಐದಾರು ಹಾಳೆ, ಪ್ರತಿಯೊಂದರ ನಡುವೆ ತೂತು, ಎರಡೂ ಪಕ್ಕ ಹಾರ್ಮೋನಿಯಂ ತಿದಿಯಂತೆ ಮಡಚಿದ ಪಟ್ಟಿ. ಎಳೆದು ಇಣುಕಿದರೆ ಆಳ ಕಾಣುತ್ತದೆ. ಇಂಥ ಆಟಿಕೆಗಳು ಯುರೋಪಿನಲ್ಲಿ 1820ರ ದಶಕದಿಂದ ಇದ್ದವು. 1843ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ಕೆಳಗಿನ ಸುರಂಗ ತೆರೆದಾಗ ಅದರ ನೆನಪಿಗೂ ಇವನ್ನೇ ಮಾರಿದರು. ಆಲಿಸ್ ಬೀಳುವ ಬಿಲದ ಗೋಡೆ ತುಂಬ ಕಪಾಟು, ಪುಸ್ತಕ, ಗೂಟಕ್ಕೆ ನೇತುಹಾಕಿದ ಭೂಪಟಗಳು. ಇಲ್ಲಿ ಮಾತ್ರ ಅಳತೆಪಟ್ಟಿಯ ನಿಯಮ ಮುರಿಯಿರಿ. ಹಿಂದಿನ ಹಾಳೆಗೆ ಹೋದ ಹಾಗೆ ತೂತನ್ನೂ ಕಪಾಟನ್ನೂ ಚಿಕ್ಕದು ಮಾಡುತ್ತಾ ಹೋದರೆ, ಗೇಣುದ್ದದ ಬಿಲ ತಳವೇ ಇಲ್ಲದ ಹಾಗೆ ಕಾಣುತ್ತದೆ.

ಕ್ಯಾರಲ್ ತಾವೇ ಈ ಕಥೆಯಿಂದ ಒಂದು ಕಾಗದದ ವಸ್ತು ಮಾಡಿ 1890ರಲ್ಲಿ ಮಾರಾಟಕ್ಕೆ ತಂದರು. ಅಂಚೆಚೀಟಿ ಇಟ್ಟುಕೊಳ್ಳುವ ಪುಟ್ಟ ಕೋಶ. ಹೊರಗೊಂದು ಕವಚ, ಅದರ ಮೇಲೆ ಮಗುವನ್ನು ಎತ್ತಿಕೊಂಡ ಆಲಿಸ್. ಒಳಗಿನದನ್ನು ಹೊರಗೆಳೆದರೆ ಮಗು ಹೋಗಿ ಹಂದಿಮರಿ! ಇನ್ನೊಂದು ಮಗ್ಗುಲಲ್ಲಿ ಬೆಕ್ಕು, ಎಳೆದರೆ ಮಾಸಿಹೋಗುತ್ತಿರುವ ಬೆಕ್ಕು. ನೀವೂ ಮಾಡಬಹುದು. ಕವಚ ಒಂದು ಇಂಚು ಉದ್ದ ಇದ್ದರೂ ಸಾಕು. ಎರಡೂ ಚಿತ್ರ ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ಒಂದೇ ಜಾಗದಲ್ಲಿ ಇರಬೇಕು, ಗುಟ್ಟು ಅಷ್ಟೇ.

ಮಾಡಿದ್ದನ್ನು ಬಿಸಿಲಿಗೆ ಇಡಬೇಡಿ. ಸ್ಕೆಚ್ ಪೆನ್ನಿನ ಕೆಂಪು ಬಣ್ಣ ಬೇಗ ಮಾಸುತ್ತದೆ, ಮಾಲಿಗಳ ಶ್ರಮವೆಲ್ಲ ನೀರಲ್ಲಿ ಹೋಮ. ಧೂಳು ಕೂತರೆ ಒಣಗಿದ ಮೆತ್ತನೆ ಕುಂಚದಲ್ಲಿ ಒರೆಸಿ. ಬಾಯಿಂದ ಊದೋಕೆ ಮಾತ್ರ ಹೋಗಬೇಡಿ. ಕಥೆಯ ಕೊನೆಯಲ್ಲಿ ಆದ ಹಾಗೆ ಐವತ್ತೆರಡು ಎಲೆಗಳೂ ಎದ್ದು ನಿಮ್ಮ ಮುಖದ ಮೇಲೇ ಬೀಳುತ್ತವೆ. ನಮಸ್ಕಾರ.